ಕಣ್ಣಿನ ಡಾಕ್ಟರುಗಳಿಗೆ ಒಂದು ಬಹಿರಂಗ ಪತ್ರ: ಚೀಟಿಯಲ್ಲಿ ಇನ್ನೊಂದು ಸಾಲು ಬರೆಯಿರಿ

ಮಾನ್ಯ ಡಾಕ್ಟರುಗಳೇ,

ನಮಸ್ಕಾರ.

ನಿಮ್ಮಿಂದ ಆಗಬೇಕಾದ ಕೆಲಸ ಚಿಕ್ಕದು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕೋಣೆಯ ಹೊರಗೆ ಎಷ್ಟು ಜನ ಕಾಯುತ್ತಿರುತ್ತಾರೆ ಅಂತ ನನಗೆ ಗೊತ್ತು. ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಂಡು ಆ ಬೆಂಚಿನ ಮೇಲೆ ವರ್ಷಗಟ್ಟಲೆ ಕೂತವನು ನಾನು.

"ಇದಕ್ಕೆ ಚಿಕಿತ್ಸೆ ಇಲ್ಲ, ದೃಷ್ಟಿ ನಿಧಾನಕ್ಕೆ ಹೋಗುತ್ತದೆ" ಎಂದು ನೀವು ಯಾರಿಗಾದರೂ ಹೇಳಬೇಕಾಗುತ್ತದಲ್ಲ, ಆವತ್ತು ಅವರನ್ನು ಇನ್ನೊಂದು ಪ್ರಶ್ನೆ ಕೇಳಿ. "ನೀವು ಯಾವ ಆಟ ಆಡ್ತಿದ್ರಿ?" ಉತ್ತರ ಬಂದ ಮೇಲೆ, ಆ ಆಟವನ್ನು ಕಣ್ಣು ಕಾಣದವರು ಎಲ್ಲಿ ಆಡುತ್ತಾರೆ ಅನ್ನುವುದನ್ನು ಚೀಟಿಯ ಕೊನೆಯಲ್ಲಿ ಒಂದು ಸಾಲು ಬರೆದುಕೊಡಿ. ನನ್ನ ಬೇಡಿಕೆ ಇಷ್ಟೇ. ಪುರುಸೊತ್ತು ಇಲ್ಲದವರು ಇಲ್ಲಿಗೇ ನಿಲ್ಲಿಸಬಹುದು. ಇದ್ದವರಿಗೆ ಕಾರಣ ಹೇಳುತ್ತೇನೆ.

ನಾನು ದಾವಣಗೆರೆ ಕಡೆಯವನು. ಕಣ್ಣಿನ ಡಾಕ್ಟರುಗಳ ಮೇಲೆ ನಮ್ಮ ಕಡೆ ಮೊದಲಿಂದಲೂ ಭಕ್ತಿ ಜಾಸ್ತಿ. ಡಾಕ್ಟರ್ ಎಂ.ಸಿ. ಮೋದಿಯವರ ಕ್ಯಾಂಪುಗಳ ಕಥೆ ಕೇಳಿ ಬೆಳೆದ ಊರು. ನಮ್ಮಜ್ಜಿ ಅಂಥ ಒಂದು ಕ್ಯಾಂಪಿನಲ್ಲಿ ಪೊರೆ ತೆಗೆಸಿಕೊಂಡು ಬಂದವಳು, ಸಾಯುವವರೆಗೂ ಅಕ್ಕಿಯಲ್ಲಿ ಕಲ್ಲು ತಾನೇ ಆರಿಸುತ್ತಿದ್ದಳು. ಹಾಗಾಗಿ ಕಣ್ಣಿಗೆ ಏನೇ ಆದರೂ ಡಾಕ್ಟರು ಸರಿ ಮಾಡುತ್ತಾರೆ ಅನ್ನುವುದು ನಮ್ಮ ಮನೆಯ ನಂಬಿಕೆ. ಸರಿ ಮಾಡಲಾಗದ ಕಾಯಿಲೆಯೂ ಒಂದಿದೆ ಅಂತ ಗೊತ್ತಾಗಿದ್ದು ನನ್ನಿಂದ. ರೆಟಿನೈಟಿಸ್ ಪಿಗ್ಮೆಂಟೋಸಾ, ಚಿಕ್ಕದಾಗಿ ಆರ್‌ಪಿ, ಜೀನಿನ ದೋಷದಿಂದ ಕಣ್ಣಿನ ಹಿಂದಿನ ಪರದೆ ನಿಧಾನಕ್ಕೆ ಸಾಯುವ ಕಾಯಿಲೆ. ಅಪ್ಪ ಅಮ್ಮ ಸೋದರ ಸಂಬಂಧ. ಮುಂದಿನದು ನಿಮಗೆ ಗೊತ್ತೇ ಇದೆ.

ಕಾಯಿಲೆ ಮೊದಲು ಗೊತ್ತಾಗಿದ್ದು ನನಗಲ್ಲ, ನಮ್ಮ ಟೀಮಿಗೆ. ಟೆನಿಸ್ ಬಾಲ್ ಕ್ರಿಕೆಟ್. ಪಾಯಿಂಟ್‌ನಲ್ಲಿ ನಿಲ್ಲುತ್ತಿದ್ದೆ, ನನ್ನನ್ನು ದಾಟಿ ಚೆಂಡು ಹೋಗುವುದು ಅಪರೂಪ. ಆಮೇಲೆ ಸಂಜೆ ಹೊತ್ತು ದಾಟತೊಡಗಿತು. ಇನ್ನೂ ಬೆಳಕಿದೆ ಅಂತ ಎಲ್ಲರೂ ಆಡುತ್ತಿರುವಾಗ ನನಗೆ ಚೆಂಡೇ ಇಲ್ಲ. ಸದ್ದು ಕೇಳುತ್ತದೆ, ಚೆಂಡು ಕಾಣುವುದಿಲ್ಲ. ಮಧ್ಯಾಹ್ನದ ಆಟದಲ್ಲೂ ಪಕ್ಕದಿಂದ ಬಂದದ್ದು ಕಾಣುತ್ತಿರಲಿಲ್ಲ. ಊದುಗೊಳವೆಯಲ್ಲಿ ಕಣ್ಣಿಟ್ಟು ನೋಡಿದ ಹಾಗೆ ಎದುರಿಗಿದ್ದದ್ದು ಮಾತ್ರ ಚೊಕ್ಕವಾಗಿ ಕಾಣುತ್ತಿತ್ತು. ಅದಕ್ಕೇ ಬ್ಯಾಟಿಂಗ್ ಪರವಾಗಿಲ್ಲ, ಫೀಲ್ಡಿಂಗ್ ಮಾತ್ರ ಕೆಟ್ಟಿತು. "ಕೈಗೆ ಬೆಣ್ಣೆ ಹಚ್ಕೊಂಡು ಬಂದಿದ್ದಾನೆ" ಎಂದರು. ಪಾಯಿಂಟ್‌ನಿಂದ ಥರ್ಡ್ ಮ್ಯಾನ್‌ಗೆ ಕಳಿಸಿದರು. ಥರ್ಡ್ ಮ್ಯಾನ್‌ನಿಂದ ಸ್ಕೋರ್ ಬುಕ್‌ಗೆ. ಸ್ಕೋರ್ ಬುಕ್‌ನ ಗೆರೆ ಕಾಣದೇ ಹೋದಾಗ ಟೀ ತರುವ ಕೆಲಸಕ್ಕೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಹುಡುಗರು, ಗೆಲ್ಲಬೇಕಿತ್ತು.

ಒಂದು ಆಸ್ಪತ್ರೆಯಲ್ಲಿ ಫೀಲ್ಡ್ ಟೆಸ್ಟ್ ಮಾಡಿದರು, ಅಂದರೆ ನೋಟ ಎಷ್ಟು ಅಗಲಕ್ಕಿದೆ ಅಂತ ಅಳೆಯುವುದು. ಬಿಳಿ ಬಟ್ಟಲಿನೊಳಗೆ ಮುಖ ಇಟ್ಟು, ಒಂದು ಕಣ್ಣು ಮುಚ್ಚಿ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಬಟನ್ ಒತ್ತಬೇಕು. ಚುಕ್ಕೆ ಕಾಣದಿದ್ದರೂ ನಾನು ಒತ್ತುತ್ತಿದ್ದೆ. ಮಷಿನ್ ಒಳಗೆ ಏನೋ ಸರಿದಾಡುವ ಸಣ್ಣ ಸದ್ದು ಬರುತ್ತದೆ, ಆ ಲೆಕ್ಕದ ಮೇಲೆ. "ಸದ್ದು ಕೇಳಿ ಒತ್ತಬೇಡಿ ಸಾರ್, ಕಂಡರೆ ಮಾತ್ರ ಒತ್ತಿ" ಎಂದು ಟೆಕ್ನಿಷಿಯನ್ ಬೈದರು. ಇವತ್ತು ನಾನು ಬ್ಯಾಟ್ ಮಾಡುವುದು ಅದೇ ಕಿವಿಯಿಂದ.

ರಿಪೋರ್ಟ್ ನೋಡಿ ಡಾಕ್ಟರು ಒಳ್ಳೆಯ ಮಾತಿನಲ್ಲೇ ಹೇಳಿದರು. ಗಾಡಿ ಓಡಿಸಬೇಡಿ. ರಾತ್ರಿ ಒಬ್ಬರೇ ಹೋಗಬೇಡಿ. ಸಂಬಂಧದಲ್ಲಿ ಮದುವೆ ಬೇಡ. ಆಮೇಲೆ, ಪೆನ್ನಿನ ಕ್ಯಾಪ್ ಹಾಕುತ್ತಾ, "ಈ ಆಟ-ಗೀಟ ಎಲ್ಲ ಬಿಟ್ಟುಬಿಡಿ." ಯಾವ ಆಸ್ಪತ್ರೆ, ಯಾವ ಡಾಕ್ಟರು ಅಂತ ಹೇಳುವುದಿಲ್ಲ. ಅವರಿಗಿಂತ ಮುಂಚೆಯೂ ನಂತರವೂ ನಾನು ತೋರಿಸಿದವರೆಲ್ಲ ಸುಮಾರಾಗಿ ಇದನ್ನೇ ಹೇಳಿದರು. ಗಾಡಿ ಬಿಟ್ಟೆ. ಉಳಿದದ್ದನ್ನೂ ಪಾಲಿಸಿದೆ. ಆಟವನ್ನೂ ಬಿಟ್ಟೆ, ಯಾಕೆಂದರೆ ಹೇಳಿದವರು ಡಾಕ್ಟರು.

ಆಮೇಲಿನ ಕೆಲವು ವರ್ಷಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಭಾನುವಾರ ಬೆಳಗ್ಗೆ ಮನೆಯಲ್ಲಿ ಸುಮ್ನೆ ಕೂತಿರುತ್ತಿದ್ದೆ. ನೆಂಟರು ಬಂದು ಬುದ್ಧಿ ಹೇಳುತ್ತಿದ್ದರು. 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡು ಅವರ ಕಣ್ಣುಗಳಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತಲ್ಲ, ಆಗಲಂತೂ ಫೋನಿನ ಮೇಲೆ ಫೋನು. "ಅಪ್ಪು ಕಣ್ಣು ಕೊಟ್ರಲ್ಲ, ನೀನೂ ಹಾಕಿಸ್ಕೋಬಹುದಲ್ಲ?" ಕಸಿ ಮಾಡುವುದು ಮುಂದಿನ ಪಾರದರ್ಶಕ ಪೊರೆಯನ್ನು, ಕಾರ್ನಿಯಾವನ್ನು, ಸತ್ತಿರುವುದು ನನ್ನ ಹಿಂದಿನ ಪರದೆ, ರೆಟಿನಾ ಅಂತ ಎಲ್ಲರಿಗೂ ವಿವರಿಸಿ ಸಾಕಾಯಿತು. ಹಾಗೇ ಒಂದು ಜೀನ್ ಥೆರಪಿ ಬಗ್ಗೆಯೂ ಕೇಳುತ್ತಾರೆ. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ಆರ್‌ಪಿಇ65 ಎಂಬ ಒಂದೇ ಜೀನಿನ ದೋಷಕ್ಕೆ. ನನ್ನದು ಅದಲ್ಲ. ನಿಮಗೆ ಇದೆಲ್ಲ ಗೊತ್ತು, ಈ ಪತ್ರ ಓದುವ ಬೇರೆಯವರಿಗೆ ಇರಲಿ ಅಂತ ಬರೆದೆ. ಯಾರಾದರೂ ಆರ್‌ಪಿ ಇರುವವರಿಗೆ ಇನ್ನೊಂದು ಫೋನು ಉಳಿದೀತು.

ಆಟ ವಾಪಸ್ ಸಿಕ್ಕಿದ್ದು ನಿಮ್ಮ ಕಡೆಯಿಂದಲ್ಲ. ಬ್ಯಾಂಕಿನಲ್ಲಿ ಕೆಲಸ ಉಳಿಸಿಕೊಳ್ಳಬೇಕಿತ್ತು, ಕಂಪ್ಯೂಟರನ್ನು ಕಿವಿಯಿಂದ ಓದುವುದು ಕಲಿಯಲು ಬೆಂಗಳೂರಿನ ಒಂದು ತರಬೇತಿಗೆ ಸೇರಿದೆ. ಪಕ್ಕದ ಕುರ್ಚಿಯ ಹುಡುಗ ಬ್ಯಾಗ್ ಇಟ್ಟಾಗಲೆಲ್ಲ ಒಳಗೆ ಗಲಗಲ ಅನ್ನುತ್ತಿತ್ತು. ಮಗುವಿಗೆ ಗಿಲಕಿ ತಗೊಂಡಿದ್ದೀರಾ ಅಂತ ಕೇಳಿದೆ. ಅವನು ನಕ್ಕು, ತೆಗೆದು ನನ್ನ ಕೈಗಿಟ್ಟ. ಗಟ್ಟಿ ಪ್ಲಾಸ್ಟಿಕ್ಕಿನ ಚೆಂಡು, ಒಳಗೆ ಉಕ್ಕಿನ ಸಣ್ಣ ಗುಂಡುಗಳು. "ಮ್ಯಾಚ್ ಇದೆ ಭಾನುವಾರ" ಎಂದ. ಯಾವ ಮ್ಯಾಚು ಅಂದೆ. "ಕ್ರಿಕೆಟ್ಟು. ಇನ್ಯಾವುದು?"

ಅದೇ ಊರಿನ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ 2017ರ ಫೆಬ್ರುವರಿಯಲ್ಲಿ ಅಂಧರ ಟಿ20 ವಿಶ್ವಕಪ್ ಫೈನಲ್ ನಡೆದಿತ್ತು. ಪಾಕಿಸ್ತಾನದ ಮೇಲೆ ಭಾರತ 9 ವಿಕೆಟ್‌ಗಳಿಂದ ಗೆದ್ದಿತ್ತು. ನಮ್ಮ ಕರ್ನಾಟಕದವರೇ ಆದ ಪ್ರಕಾಶ್ ಜಯರಾಮಯ್ಯ 99 ಹೊಡೆದು ಔಟಾಗದೆ ಉಳಿದರು. ಅದಕ್ಕೂ ಮುಂಚೆ 2012ರಲ್ಲಿ ಮೊದಲ ಟಿ20 ವಿಶ್ವಕಪ್ ಕೂಡ ಬೆಂಗಳೂರಿನಲ್ಲೇ ಆಗಿತ್ತು, ಕಪ್ ಎತ್ತಿದವರು ಶಿವಮೊಗ್ಗದ ಶೇಖರ್ ನಾಯ್ಕ್. 2014ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ 40 ಓವರಿನ ಕಪ್ಪನ್ನೂ ಅವರೇ ಎತ್ತಿದರು, 2017ರಲ್ಲಿ ಪದ್ಮಶ್ರೀ ಬಂತು. ಇದೆಲ್ಲ ಪೇಪರಿನಲ್ಲಿ ಬಂದ ಸುದ್ದಿ. ಆದರೆ ಆ ಹೊತ್ತಿಗೆ ಪೇಪರ್ ಓದಲು ಆಗದವನಿಗೆ, ಮನೆಯಲ್ಲಿ ಕ್ರಿಕೆಟ್ ಮಾತೆತ್ತಿದರೆ ನೊಂದುಕೊಳ್ಳುತ್ತಾನೆ ಅಂತ ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದವನಿಗೆ, ಅದು ಮುಟ್ಟಲಿಲ್ಲ. ಕಣ್ಣು ಕಾಣದವರ ಕ್ರಿಕೆಟ್ಟಿಗೆ ಇಡೀ ದೇಶದ ಮುಖ್ಯ ಕಚೇರಿ ಇರುವುದೇ ಬೆಂಗಳೂರಿನಲ್ಲಿ. ಮಹಾಂತೇಶ್ ಜಿ. ಕಿವಡಸಣ್ಣವರ್ ಮತ್ತು ಎಸ್.ಪಿ. ನಾಗೇಶ್ 1997ರಲ್ಲಿ ಕಟ್ಟಿದ ಸಮರ್ಥನಂ ಎಂಬ ಅಂಗವಿಕಲರ ಸಂಸ್ಥೆ ಬೆನ್ನಿಗೆ ನಿಂತಿರುವ ಕ್ರಿಕೆಟ್ ಸಂಘ ಅದು. ನಾನು ಫೀಲ್ಡ್ ಟೆಸ್ಟಿಗೆ ಬೆಂಗಳೂರಿಗೇ ಬರುತ್ತಿದ್ದೆ. ಒಂದೇ ಊರಿನೊಳಗೆ ಆಟೋದಲ್ಲಿ ಹೋಗುವ ದೂರ. ಹೇಳುವವರು ಇರಲಿಲ್ಲ, ಅಷ್ಟೇ.

ಈಗ ಆಟದ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ನಿಮ್ಮಲ್ಲಿ ಹೆಚ್ಚಿನವರು ಇದನ್ನು ನೋಡಿರಲಿಕ್ಕಿಲ್ಲ. ನೋಡದೇ ಇದ್ದವರು ಮನಸ್ಸಿನಲ್ಲಿ ಏನೋ ಪಾಪದ ಆಟ ಅಂದುಕೊಂಡಿರುತ್ತಾರೆ.

ಪಿಚ್ ಅದೇ 22 ಗಜ. ಟೀಮಿನಲ್ಲಿ 11 ಜನ. ಇದರಲ್ಲಿ ಕನಿಷ್ಠ ನಾಲ್ವರು ಪೂರ್ತಿ ಕಾಣದವರು ಇರಬೇಕು, ಅವರಿಗೆ ಬಿ-1 ಅನ್ನುತ್ತಾರೆ. ಅರೆಬರೆ ಕಾಣುವವರು ಬಿ-2, ಅವರಿಗಿಂತ ಸ್ವಲ್ಪ ಜಾಸ್ತಿ ಕಾಣುವವರು ಬಿ-3. ಬಿ-1 ಆಟಗಾರರು ಕಣ್ಣಿಗೆ ಕಪ್ಪು ಪಟ್ಟಿ ಹಾಕಿಕೊಳ್ಳುತ್ತಾರೆ, ಚೂರುಪಾರು ಬೆಳಕಿನ ಲಾಭ ಯಾರಿಗೂ ಸಿಗಬಾರದು ಅಂತ. ಸ್ಟಂಪು ಲೋಹದ್ದು, ಚೆಂಡು ತಾಗಿದರೆ ಠಣ್ ಅನ್ನುತ್ತದೆ. ಬೌಲಿಂಗ್ ಕೈ ಕೆಳಗಿನಿಂದ. ಚೆಂಡು ಪಿಚ್ಚಿನ ಅರ್ಧ ಗೆರೆ ದಾಟುವ ಮುಂಚೆ ನೆಲಕ್ಕೆ ಬಿದ್ದಿರಬೇಕು, ಇಲ್ಲವಾದರೆ ಅದರ ಸದ್ದು ನಮಗೆ ಸಿಗುವುದಿಲ್ಲ. ಬೌಲರ್ "ರೆಡಿ?" ಅನ್ನುತ್ತಾನೆ. ನಾನು "ಯೆಸ್" ಅನ್ನಬೇಕು. "ಪ್ಲೇ" ಅನ್ನುತ್ತಾ ಅವನು ಚೆಂಡು ಬಿಡಬೇಕು. ಆ ಮಾತು ತಪ್ಪಿದರೆ ನೋಬಾಲ್.

"ಪ್ಲೇ" ಆದ ಮೇಲೆ ಎಲ್ಲ ಸದ್ದೂ ಕಾಲ ಬುಡದಲ್ಲಿ. ಒಣ ನೆಲದ ಮೇಲೆ ಚೆಂಡು ಜೋರಾಗಿ ಗಲಗುಟ್ಟುತ್ತಾ ಬರುತ್ತದೆ, ಹಸಿ ಹುಲ್ಲಿನ ಮೇಲೆ ಮೆತ್ತಗೆ. ಬಲಗಿವಿಯಿಂದ ಎಡಗಿವಿಗೆ ಸರಿದರೆ ಅದು ತಿರುಗುತ್ತಿದೆ ಅಂತ ಅರ್ಥ. ಮಂಡಿ ಊರಿ, ಬ್ಯಾಟನ್ನು ನೆಲಕ್ಕೆ ಅಡ್ಡ ಬೀಸಬೇಕು. ಸ್ವೀಪ್ ಶಾಟ್ ನಮ್ಮ ಆಟದ ಅನ್ನ-ಸಾರು. ಬಿ-1 ಬ್ಯಾಟ್ಸ್‌ಮನ್‌ಗೆ ಓಡಲು ರನ್ನರ್ ಇರುತ್ತಾನೆ. ನಮ್ಮ ರನ್ ಎಷ್ಟೇ ಆಗಲಿ, ಲೆಕ್ಕದಲ್ಲಿ ಎರಡು ಪಟ್ಟು. ಒಂದು ಫೋರ್ ಹೊಡೆದರೆ ಎಂಟು. ಕಣ್ಣಿದ್ದಾಗ ನನ್ನ ಸ್ಕೋರ್ ಇಷ್ಟಿರಲಿಲ್ಲ ಅಂತ ಹಳೆಯ ಗೆಳೆಯರಿಗೆ ಹೇಳಿ ಹೊಟ್ಟೆ ಉರಿಸುತ್ತಿರುತ್ತೇನೆ. ಬಿ-1 ಫೀಲ್ಡರ್ ಒಂದು ಪುಟಿತದ ಮೇಲೆ ಹಿಡಿದರೂ ಕ್ಯಾಚೇ.

ಫೀಲ್ಡಿಂಗ್ ಇದೆಯಲ್ಲ, ಅದು ಬೇರೆ ಕಥೆ. ಓವರ್ ಶುರುವಾಗುವ ಮುಂಚೆ ಕ್ಯಾಪ್ಟನ್ ಚಪ್ಪಾಳೆ ತಟ್ಟಿ, ಹೆಸರು ಕರೆದು, ಒಬ್ಬೊಬ್ಬರನ್ನೂ ಜಾಗಕ್ಕೆ ನಿಲ್ಲಿಸುತ್ತಾನೆ. ವಿಕೆಟ್ ಕೀಪರ್ ಮಾತಾಡುತ್ತಲೇ ಇರಬೇಕು, ಅವನ ದನಿಯೇ ನಮಗೆ ದಿಕ್ಕು. ಕಷ್ಟ ಬರುವುದು ಚೆಂಡು ನಿಂತಾಗ. ಉರುಳುವವರೆಗೂ ಅದು ಎಲ್ಲಿದೆ ಅಂತ ಕೂಗಿ ಹೇಳುತ್ತಿರುತ್ತದೆ, ನಿಂತ ತಕ್ಷಣ ಮಾಯ. ಹುಲ್ಲಿನ ಮೇಲೆ ಅಂಗೈ ಆಡಿಸುತ್ತಾ ಹುಡುಕಬೇಕು, ಅಷ್ಟರಲ್ಲಿ ಅವರು ಮೂರು ಓಡಿರುತ್ತಾರೆ. ಅದಕ್ಕೇ ಚೆಂಡು ಬರುವ ದಾರಿಗೆ ಮೈಯೊಡ್ಡಿ ಅಡ್ಡ ಬೀಳುವುದನ್ನು ಮೊದಲು ಕಲಿಸುತ್ತಾರೆ. ಪಾಯಿಂಟ್‌ನಲ್ಲಿ ನಿಂತು ಕಲಿತ ಡೈವ್ ನನಗೆ ಇಲ್ಲಿ ಉಪಯೋಗಕ್ಕೆ ಬಂತು. ಉಪಯೋಗಕ್ಕೆ ಬಂದ ಹಳೆಯ ವಿದ್ಯೆ ಅದೊಂದೇ ಅನ್ನಬೇಕು.

ಯಾಕೆಂದರೆ ಕಣ್ಣಿದ್ದು ಹೋದವನಿಗೆ ಈ ಆಟ ಸಲೀಸಲ್ಲ. ಕ್ರಿಕೆಟ್ ಗೊತ್ತಿರುವುದೇ ತೊಂದರೆ. ಹುಟ್ಟಿನಿಂದ ಕಾಣದ ಹುಡುಗರು ಸದ್ದು ಬಂದ ಕಡೆಗೆ ಬ್ಯಾಟ್ ಬೀಸುತ್ತಾರೆ, ಮುಗಿಯಿತು. ನಾನು ಸದ್ದು ಕೇಳಿ, ತಲೆಯಲ್ಲಿ ಚೆಂಡಿನ ಚಿತ್ರ ಬರೆದು, ಆ ಚಿತ್ರಕ್ಕೆ ಬ್ಯಾಟ್ ಬೀಸುತ್ತಿದ್ದೆ. ಅಷ್ಟರಲ್ಲಿ ಠಣ್. ಚಿತ್ರದಲ್ಲಿ ಚೆಂಡು ಯಾವಾಗಲೂ ಸೊಂಟದ ಎತ್ತರದಲ್ಲಿ, ನಿಜವಾದ ಚೆಂಡು ಬೂಟಿನ ಪಕ್ಕದಲ್ಲಿ. ಬ್ಯಾಕ್ ಲಿಫ್ಟ್ ಎತ್ತರ, ಕಾಲು ಮುಂದೆ, ಮೊಣಕೈ ಮೇಲೆ. ಚಿಕ್ಕಂದಿನಲ್ಲಿ ಕಷ್ಟಪಟ್ಟು ಕಲಿತದ್ದನ್ನೆಲ್ಲ ಒಂದೊಂದಾಗಿ ಮೈಯಿಂದ ಬಿಡಿಸಬೇಕಾಯಿತು. ಕೋಚ್ ಹುಟ್ಟಿನಿಂದ ಕಾಣದವರು. ನನ್ನ ಮೊಣಕೈ ಮುಟ್ಟಿ ನೋಡಿ, "ನೀವು ಕಣ್ಣಿದ್ದವರ ಥರ ಆಡ್ತೀರಿ" ಎಂದರು. ಹುಡುಗರೆಲ್ಲ ಜೋರಾಗಿ ನಕ್ಕರು. ನಾನೂ ನಕ್ಕೆ. ಎಷ್ಟೋ ಕಾಲದ ಮೇಲೆ ಒಂದು ಟೀಮಿನ ಜೊತೆ ನಿಂತು ಬೈಸಿಕೊಂಡು ನಗುತ್ತಿದ್ದೆ.

ಡಾಕ್ಟರುಗಳೇ, ನನ್ನ ಮುಖ್ಯ ಮಾತು ಇಲ್ಲಿದೆ. ಶೇಖರ್ ನಾಯ್ಕ್ ಕ್ರಿಕೆಟ್ ಕಲಿತದ್ದು ಶಿವಮೊಗ್ಗದ ಅಂಧರ ಶಾಲೆಯಲ್ಲಿ. ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಓಡಲು ಶುರು ಮಾಡಿದ್ದೂ ಅಂಧ ಮಕ್ಕಳ ಶಾಲೆಯಲ್ಲೇ. ಅವರು 2018 ಮತ್ತು 2023ರಲ್ಲಿ ಏಷ್ಯನ್ ಪ್ಯಾರಾ ಗೇಮ್ಸ್ 1500 ಮೀಟರ್‌ನಲ್ಲಿ ಚಿನ್ನ ಗೆದ್ದರು, 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ಗೂ ಹೋದರು. ಕಣ್ಣು ಕಾಣದ ಮಗುವಿಗೆ ಆಟದ ದಾರಿ ಶಾಲೆಯ ಅಂಗಳದಿಂದ ಹೋಗುತ್ತದೆ. ಅಲ್ಲಿ ಪಿಟಿ ಮೇಷ್ಟ್ರು ಇರುತ್ತಾರೆ, ಗಲಗಲ ಚೆಂಡು ಇರುತ್ತದೆ, ಜೊತೆಗೆ ಹುಡುಗರು ಇರುತ್ತಾರೆ. ಇಪ್ಪತ್ತೈದು ಮೂವತ್ತು ವರ್ಷಕ್ಕೆ ಕಣ್ಣು ಕಳೆದುಕೊಂಡವನು ಅಂಧರ ಶಾಲೆಯ ಗೇಟು ಯಾವತ್ತೂ ದಾಟಿರುವುದಿಲ್ಲ. ಅವನ ಪರಿಚಯದಲ್ಲಿ ಕಣ್ಣು ಕಾಣದವರು ಒಬ್ಬರೂ ಇರುವುದಿಲ್ಲ. ಆರ್‌ಪಿ, ಗ್ಲಾಕೋಮಾ, ಸಕ್ಕರೆ ಕಾಯಿಲೆ, ಅಪಘಾತ, ಕಾರಣ ಯಾವುದೇ ಇರಲಿ, ಅವನು ತಪ್ಪದೆ ಹಾದು ಹೋಗುವ ಬಾಗಿಲು ಒಂದೇ. ಅದು ನಿಮ್ಮದು. ನೀವು ಹೇಳಲಿಲ್ಲ ಅಂದರೆ ಅವನಿಗೆ ಹೇಳುವವರು ಯಾರೂ ಇಲ್ಲ. ನನಗೆ ಪಕ್ಕದ ಕುರ್ಚಿಯ ಬ್ಯಾಗ್ ಹೇಳಿತು. ಎಲ್ಲರ ಪಕ್ಕದಲ್ಲೂ ಅಂಥ ಬ್ಯಾಗ್ ಇರುವುದಿಲ್ಲವಲ್ಲ?

"ನಮ್ಮ ಕೆಲಸ ಕಣ್ಣು ನೋಡುವುದು, ಆಟ ನೋಡುವುದಲ್ಲ" ಅಂತ ನಿಮ್ಮಲ್ಲಿ ಕೆಲವರು ಹೇಳಬಹುದು. ಹಾಗಾದರೆ ಪ್ಯಾರಾಲಿಂಪಿಕ್ಸ್ ಹುಟ್ಟಿದ್ದು ಎಲ್ಲಿ ಅಂತ ನೆನಪಿಸುತ್ತೇನೆ. ಆಸ್ಪತ್ರೆಯ ಅಂಗಳದಲ್ಲಿ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ಮುರಿದ ಸೈನಿಕರನ್ನು ನೋಡಿಕೊಳ್ಳುತ್ತಿದ್ದವರು ಲುಡ್ವಿಗ್ ಗುಟ್‌ಮನ್. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ನರರೋಗದ ಡಾಕ್ಟರು. ರೋಗಿಗಳಿಗೆ ಆಟವನ್ನೂ ಚಿಕಿತ್ಸೆಯಲ್ಲಿ ಸೇರಿಸಿದರು. ಲಂಡನ್ ಒಲಿಂಪಿಕ್ಸ್ ಶುರುವಾದ 1948ರ ಜುಲೈ 29ರಂದೇ ಆಸ್ಪತ್ರೆಯ ಹುಲ್ಲಿನ ಮೇಲೆ 16 ಜನರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಬಿಲ್ಲು ಕೊಟ್ಟರು. ಕಣ್ಣಿನ ಲೆಕ್ಕಕ್ಕೇ ಬಂದರೆ, ಸದ್ದು ಮಾಡುವ ಚೆಂಡನ್ನು ಉರುಳಿಸಿ ಗೋಲ್ ಹೊಡೆಯುವ ಗೋಲ್‌ಬಾಲ್ ಇದೆ. 1946ರಲ್ಲಿ ಅದನ್ನು ರೂಪಿಸಿದ್ದು ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರ ಪುನಶ್ಚೇತನಕ್ಕೆ ಅಂತಲೇ. ಅಂದರೆ ದೊಡ್ಡವರಾದ ಮೇಲೆ ಕಣ್ಣು ಹೋದವರಿಗೆ, ನನ್ನಂಥವರಿಗೆ. ನಮ್ಮ ಕ್ರಿಕೆಟ್ ಮಾತ್ರ ಡಾಕ್ಟರುಗಳಿಂದ ಹುಟ್ಟಿದ್ದಲ್ಲ. ಅದು 1922ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಕಾರ್ಖಾನೆಯ ಕೆಲಸಗಾರರು ತಗಡಿನ ಡಬ್ಬಿಗೆ ಕಲ್ಲು ತುಂಬಿ ಶುರು ಹಚ್ಚಿಕೊಂಡದ್ದು.

ನಿಮ್ಮ ಭಯವೂ ನನಗೆ ಅರ್ಥವಾಗುತ್ತದೆ. ಆಟ ಆಡಲು ಹೋಗಿ ಇದ್ದಷ್ಟೂ ಕಣ್ಣು ಹಾಳಾದರೆ ಯಾರು ಹೊಣೆ? ನಿಜ. ಮೈನಸ್ ಪವರ್ ತುಂಬಾ ಇದ್ದು ರೆಟಿನಾ ತೆಳ್ಳಗಾದವರಿಗೆ, ಒಮ್ಮೆ ರೆಟಿನಾ ಕಳಚಿ ಆಪರೇಷನ್ ಆದವರಿಗೆ, ತಲೆಗೆ ಏಟು ಬೀಳುವ ಆಟ ಅಪಾಯ. ಅಂಥವರಿಗೆ ಬೇಡ ಅನ್ನಿ, ಯಾಕೆ ಬೇಡ ಅಂತ ಬಿಡಿಸಿ ಹೇಳಿ, ಅವರಿಗೆ ಹೊಂದುವ ಬೇರೆ ಆಟ ಹೇಳಿ. ಆದರೆ ಆರ್‌ಪಿ ಇರುವವನ ರೆಟಿನಾ ಸಾಯುವುದು ಜೀನಿನ ದೋಷದಿಂದ, ಸ್ವೀಪ್ ಶಾಟ್‌ನಿಂದಲ್ಲ. ಅವನಿಗೂ ಇವರಿಗೂ ಒಂದೇ ಉಸಿರಿನಲ್ಲಿ "ಆಟ-ಗೀಟ ಬಿಡಿ" ಅನ್ನುವುದು ನಿಮ್ಮ ಓದಿಗೆ ತಕ್ಕದ್ದಲ್ಲ. ಯಾರಿಗೆ ಯಾವುದು ಹೊಂದುತ್ತದೆ ಅಂತ ಹೇಳಬಲ್ಲವರು ನೀವೇ. ಅದಕ್ಕೇ ಈ ಪತ್ರ ಕ್ರೀಡಾ ಇಲಾಖೆಗೆ ಬರೆಯದೆ ನಿಮಗೆ ಬರೆದೆ. ಇಲಾಖೆಗೆ ಹೇಳುವುದನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಹೇಳಿದೆ, 30ನೇ ಸೆಕ್ಷನ್ ಪೂರ್ತಿ ಕ್ರೀಡೆಯ ಬಗ್ಗೆ ಇದೆ. ಆ ಜಗಳ ಇನ್ನೊಂದು ದಿನ ಆಡೋಣ.

ಕ್ರಿಕೆಟ್ ಒಂದೇ ಅಂತ ತಿಳಿಯಬೇಡಿ. ಚೆಸ್ ಆಡುತ್ತಿದ್ದವರು ಚೆಸ್ಸೇ ಆಡಬಹುದು. ಬೋರ್ಡಿನ ಕಪ್ಪು ಮನೆಗಳು ಸ್ವಲ್ಪ ಎತ್ತರ, ಪ್ರತಿ ಮನೆಗೂ ತೂತು, ಕಾಯಿಗೆ ಮೊಳೆ, ಮುಟ್ಟಿ ನೋಡಿ ಆಡುವುದು. ಕಣ್ಣಿದ್ದವರ ಎದುರೂ ಆಡಬಹುದು, ನಡೆಯನ್ನು ಬಾಯಲ್ಲಿ ಹೇಳಿದರಾಯಿತು. ಶಿವಮೊಗ್ಗದ ಕಿಶನ್ ಗಂಗೊಳ್ಳಿ 2018ರ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಚೆಸ್ ಚಿನ್ನ ತಂದವರು. ಓಡುತ್ತಿದ್ದವರು ಜೊತೆ ಓಟಗಾರನ ಕೈಗೆ ಒಂದು ತುಂಡು ದಾರ ಕಟ್ಟಿಕೊಂಡು ಓಡಬಹುದು, ರಕ್ಷಿತಾ ಓಡುವುದು ಹಾಗೇ. ಈಜುವವರಿಗೆ ಗೋಡೆ ಹತ್ತಿರ ಬಂದಾಗ ಕೋಲಿನ ತುದಿಯಿಂದ ಮುಟ್ಟಿ ತಿಳಿಸುವವರು ಇರುತ್ತಾರೆ. ಫುಟ್‌ಬಾಲ್ ಇದೆ, ಅದರಲ್ಲಿ ಗೋಲ್ ಕೀಪರ್‌ಗೆ ಮಾತ್ರ ಕಣ್ಣು ಕಾಣುತ್ತದೆ. ಜೂಡೋ ಇದೆ, ಪ್ಯಾರಿಸ್‌ನಲ್ಲಿ ಕಪಿಲ್ ಪರ್ಮಾರ್ ಕಂಚು ತಂದರು. ಹೆಂಗಸರಿಗೆ ಯಾವುದಿದೆ ಅಂತ ಕೇಳುವವರಿಗೆ, 2025ರ ನವೆಂಬರ್‌ನಲ್ಲಿ ಭಾರತ, ಶ್ರೀಲಂಕಾ ಎರಡೂ ಕಡೆ ಅಂಧ ಮಹಿಳೆಯರ ಮೊದಲ ಟಿ20 ವಿಶ್ವಕಪ್ ನಡೆಯಿತು. ಫೈನಲ್‌ನಲ್ಲಿ ಕೊಲಂಬೊದಲ್ಲಿ ನೇಪಾಳವನ್ನು 7 ವಿಕೆಟ್‌ಗಳಿಂದ ಸೋಲಿಸಿದ್ದು ಭಾರತ. ಕ್ಯಾಪ್ಟನ್ ನಮ್ಮ ಕರ್ನಾಟಕ ತಂಡದ ದೀಪಿಕಾ ಟಿ.ಸಿ.

ಹಾಗಂತ ಎಲ್ಲರೂ ಕಪ್ ಗೆಲ್ಲಬೇಕು ಅಂತ ನಾನು ಹೇಳುತ್ತಿಲ್ಲ. ಈ ಸಾಧಕರ ಕಥೆಗಳಿಂದ ಒಂದು ತೊಂದರೆಯೂ ಇದೆ ಅಂತ ನನಗೆ ಅನಿಸುತ್ತದೆ. ಕಣ್ಣು ಕಾಣದವನು ಆಟ ಆಡಿದರೆ ಪದಕವೇ ತರಬೇಕು, ಪೇಪರಿನಲ್ಲಿ ಫೋಟೊ ಬರಬೇಕು ಅನ್ನುವ ಹಾಗೆ ಆಗಿದೆ. ಕಣ್ಣಿದ್ದವರು ಭಾನುವಾರ ಸುಮ್ನೆ ಆಡಿ, ಸೋತು, ಬಜ್ಜಿ ತಿಂದು ಮನೆಗೆ ಹೋಗುತ್ತಾರಲ್ವಾ? ನಮಗೂ ಅಷ್ಟೇ ಸಾಕು. ನಾನು ರಾಜ್ಯ ತಂಡಕ್ಕೆ ಆಡಿದವನಲ್ಲ, ಆಡುವ ವಯಸ್ಸೂ ದಾಟಿತು. ನಮ್ಮ ಟೀಮು ಗೆಲ್ಲುವುದಕ್ಕಿಂತ ಸೋಲುವುದು ಜಾಸ್ತಿ. ನವೆಂಬರ್ ತಿಂಗಳಲ್ಲಂತೂ ಪಕ್ಕದ ರಸ್ತೆಯಲ್ಲಿ ರಾಜ್ಯೋತ್ಸವದ ಆರ್ಕೆಸ್ಟ್ರಾ ಹಾಕಿಬಿಟ್ಟರೆ ಚೆಂಡಿನ ಸದ್ದೇ ಕೇಳದೆ ಮ್ಯಾಚ್ ನಿಲ್ಲಿಸಿ ನಾವೂ ಹಾಡು ಕೇಳುತ್ತಾ ಕೂರುತ್ತೇವೆ. ನಮಗೆ ಬೆಳಕು ಕಮ್ಮಿಯಾಗಿ ಮ್ಯಾಚ್ ನಿಂತದ್ದಿಲ್ಲ, ಧ್ವನಿವರ್ಧಕದಿಂದ ನಿಂತದ್ದಿದೆ.

ನಿಮ್ಮ ಕಡೆಯಿಂದ ಇನ್ನೊಂದು ಸಹಾಯ ಬೇಕು. ಬಿ-1, ಬಿ-2, ಬಿ-3 ಅನ್ನುವ ವಿಂಗಡಣೆ ನಿಂತಿರುವುದು ನಿಮ್ಮ ರಿಪೋರ್ಟಿನ ಮೇಲೆ. ದೃಷ್ಟಿ ಎಷ್ಟು ದೂರ ಹೋಗುತ್ತದೆ ಅನ್ನುವುದರ ಜೊತೆಗೆ ಎಷ್ಟು ಅಗಲ ಕಾಣುತ್ತದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಎದುರಿನ ಅಕ್ಷರ ಚೆನ್ನಾಗಿ ಓದುವ ಆರ್‌ಪಿ ರೋಗಿಗೂ ನೋಟದ ಅಗಲ 40 ಡಿಗ್ರಿಗಿಂತ ಕಮ್ಮಿ ಇದ್ದರೆ ಬಿ-3, 10 ಡಿಗ್ರಿಗಿಂತ ಕಮ್ಮಿ ಇದ್ದರೆ ಬಿ-2. ಅಂಗವೈಕಲ್ಯ ಕಾರ್ಡಿಗೂ ಈ ಅಗಲ ಬೇಕೇ ಬೇಕು. ಎಷ್ಟೋ ಹುಡುಗರ ರಿಪೋರ್ಟಿನಲ್ಲಿ ಬರೀ ಆರು ಬೈ ಹದಿನೆಂಟು ಅಂತ ಎದುರಿನ ನೋಟವನ್ನು ಬರೆದು, ಅಗಲದ ಲೆಕ್ಕ ಬಿಟ್ಟಿರುತ್ತಾರೆ. ಅತ್ತ ಕಣ್ಣಿದ್ದವರ ಟೀಮಿನಲ್ಲಿ ಕ್ಯಾಚ್ ಬಿಟ್ಟು ಬೈಸಿಕೊಂಡು, ಇತ್ತ ನಮ್ಮ ಟೀಮಿಗೂ ಸೇರಲಾಗದೆ ನಡುವೆ ನಿಂತಿರುತ್ತಾರೆ. ಬಿ-3 ಹಂತದಲ್ಲೇ ಬಂದು ಸೇರಿದರೆ ಎಷ್ಟು ಒಳ್ಳೆಯದು ಗೊತ್ತೇ? ಸ್ವಲ್ಪ ಕಾಣುತ್ತಿರುವಾಗಲೇ ಕಿವಿ ಪಳಗುತ್ತದೆ. ಬಿ-2 ಆಗುತ್ತಾನೆ, ಆಮೇಲೆ ಬಿ-1 ಆಗುತ್ತಾನೆ. ಜಾಗ ಮಾತ್ರ ಬದಲಾಗುತ್ತದೆ, ಟೀಮು ಅದೇ ಇರುತ್ತದೆ. ನನಗೆ ಸಿಗದೇ ಹೋದದ್ದು ಅದು. ನಾನು ಒಂದು ಟೀಮು ಬಿಟ್ಟು ಇನ್ನೊಂದು ಟೀಮು ಸಿಗುವವರೆಗೆ ನಡುವೆ ಹೋದ ವರ್ಷಗಳಲ್ಲಿ ಕಣ್ಣಿಗಿಂತ ಮಂಡಿ ಜಾಸ್ತಿ ತುಕ್ಕು ಹಿಡಿಯಿತು.

ನಿಮ್ಮಲ್ಲಿ ಯಾರಿಗಾದರೂ ನೋಡಬೇಕು ಅನಿಸಿದರೆ ಒಂದು ಭಾನುವಾರ ಮೈದಾನಕ್ಕೆ ಬನ್ನಿ. ಚೆಂಡು ಉರುಳುವಾಗ ಮಾತಾಡಬೇಡಿ, ನಿಂತ ಮೇಲೆ ಎಷ್ಟು ಬೇಕಾದರೂ ಕೂಗಿ. ನಿಮಗೂ ಪಟ್ಟಿ ಕಟ್ಟಿ ಒಂದು ಓವರ್ ಬೌಲ್ ಮಾಡುತ್ತೇವೆ. ಮೊದಲನೇ ಚೆಂಡಿಗೇ ಔಟ್ ಮಾಡುವುದಿಲ್ಲ, ಗೌರವಕ್ಕೆ.

ಆ ಒಂದು ಸಾಲು ಬರೆಯುವಾಗ ದಯವಿಟ್ಟು ಟೈಪ್ ಮಾಡಿಸಿ ಕೊಡಿ. ನಮ್ಮ ಮೊಬೈಲಿನ ಆ್ಯಪ್ ಅಚ್ಚಾದ ಅಕ್ಷರ ಇದ್ದರೆ ಕನ್ನಡವನ್ನೂ ಓದಿ ಹೇಳುತ್ತದೆ. ನಿಮ್ಮ ಕೈಬರಹ ಇಟ್ಟರೆ "ಇಲ್ಲಿ ಯಾವುದೇ ಪಠ್ಯ ಸಿಗಲಿಲ್ಲ" ಅನ್ನುತ್ತದೆ. ಅದನ್ನು ಓದಲು ನಾವು ಮೆಡಿಕಲ್ ಶಾಪಿನವನ ಹತ್ತಿರವೇ ಹೋಗಬೇಕು, ಅವನು ಅದಕ್ಕೂ ಒಂದು ಮಾತ್ರೆ ಕೊಟ್ಟುಬಿಟ್ಟಾನು.

ಇಂತಿ,
ನಿಮ್ಮ ಹಳೆಯ ರೋಗಿ,
ಬಲಗೈ ಬ್ಯಾಟ್ಸ್‌ಮನ್, ಬಿ-1